ಯೋಗ ತರಗತಿಗಳಲ್ಲಿ ಅಸಾಂಪ್ರದಾಯಿಕ ಸಂಗೀತ

ಯೋಗ ತರಗತಿಗಳಲ್ಲಿ ಅಸಾಂಪ್ರದಾಯಿಕ ಸಂಗೀತ ಎಂಬುದು ಆಸನ, ಪ್ರಾಣಾಯಾಮ ಮತ್ತು ವಿಶ್ರಾಂತಿಗಳನ್ನು ಸಾಮೂಹಿಕವಾಗಿ ಕಲಿಸುವ ತರಗತಿಗಳಲ್ಲಿ ರೂಢಿಯ ಮಂತ್ರ, ಭಜನೆ, ಕೊಳಲು, ತಂಬೂರಿಗಳಿಗೆ ಬದಲಾಗಿ ಹಿಪ್‌ಹಾಪ್, ಹೆವಿ ಮೆಟಲ್, ಎಲೆಕ್ಟ್ರಾನಿಕ್ ನೃತ್ಯ ಸಂಗೀತ, ಜಾಜ್, ಚಲನಚಿತ್ರಗೀತೆ ಮುಂತಾದ ಪ್ರಕಾರಗಳನ್ನು ಬಳಸುವ ಪದ್ಧತಿಯಾಗಿದೆ. ಈ ಪದ್ಧತಿಯು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳಲ್ಲಿ ಬೆಳೆದು, 21ನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಕೆನಡಾ, ಯುರೋಪ್, ಲ್ಯಾಟಿನ್ ಅಮೆರಿಕ ಹಾಗೂ ಭಾರತದ ನಗರಗಳಿಗೆ ಹರಡಿತು.

ಇಂತಹ ಸಂಗೀತದ ಬಗ್ಗೆ ಯೋಗ ಶಿಕ್ಷಕರಲ್ಲಿ ಏಕಾಭಿಪ್ರಾಯವಿಲ್ಲ. ಸಂಗೀತವು ಹೊಸಬರ ಸಂಕೋಚವನ್ನು ಕಳೆದು ಅಭ್ಯಾಸಕ್ಕೆ ಕರೆತರುತ್ತದೆ ಎಂದು ಕೆಲವರು ಹೇಳಿದರೆ, ಉಸಿರಿನ ಮೇಲಿರಬೇಕಾದ ಗಮನವನ್ನು ಅದು ಕದಿಯುತ್ತದೆ ಎಂದು ಇನ್ನು ಕೆಲವರು ಆಕ್ಷೇಪಿಸುತ್ತಾರೆ. ಸಂಗೀತವು ಹೃದಯ ಹಾಗೂ ಉಸಿರಾಟದ ಮೇಲೆ ಬೀರುವ ಪರಿಣಾಮಗಳನ್ನು ಕುರಿತ ಅಧ್ಯಯನಗಳನ್ನು ನೋಡಿದರೆ, ಸಂಗೀತದ ಪ್ರಕಾರಕ್ಕಿಂತ ಅದರ ವೇಗ, ಸಾಹಿತ್ಯ, ಧ್ವನಿಯ ಮಟ್ಟ ಹಾಗೂ ನಡುವೆ ಬರುವ ಮೌನ ಇವೇ ಹೆಚ್ಚು ನಿರ್ಣಾಯಕವಾಗಿ ಕಾಣುತ್ತವೆ.

ವ್ಯಾಪ್ತಿ

'ಅಸಾಂಪ್ರದಾಯಿಕ' ಎಂಬ ಪದವು ಇಲ್ಲಿ ಸಾಪೇಕ್ಷವಾದುದು. ಆಸನಾಭ್ಯಾಸದ ಜೊತೆಗೆ ಹಿನ್ನೆಲೆ ಸಂಗೀತವನ್ನು ನುಡಿಸುವ ಕ್ರಮವೇ ಹಠಯೋಗದ ಪ್ರಾಚೀನ ಗ್ರಂಥಗಳಲ್ಲಿ ವಿಧಿಸಲ್ಪಟ್ಟದ್ದಲ್ಲ. ಇಂದು 'ಯೋಗ ಸಂಗೀತ' ಎಂದು ಮಾರಾಟವಾಗುವ ಕೊಳಲು, ಗಂಟೆ, ನೀರಿನ ಸದ್ದು ಹಾಗೂ ದೀರ್ಘ ಸ್ವರಗಳ ಮಿಶ್ರಣವು 20ನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಧ್ವನಿಮುದ್ರಣ ಉದ್ಯಮದಲ್ಲಿ ರೂಪುಗೊಂಡಿತು. ಆದುದರಿಂದ ಈ ಲೇಖನದಲ್ಲಿ 'ಸಾಂಪ್ರದಾಯಿಕ' ಎಂದರೆ ಶಾಸ್ತ್ರೋಕ್ತ ಎಂಬ ಅರ್ಥವಿಲ್ಲ. ಸ್ಟುಡಿಯೋ ತರಗತಿಗಳಲ್ಲಿ ರೂಢಿಗೆ ಬಂದಿರುವುದು ಎಂದಷ್ಟೇ ಅರ್ಥ.

ಕೇಳುಗರ ಹಿನ್ನೆಲೆಗೆ ತಕ್ಕಂತೆಯೂ ಈ ಗಡಿ ಬದಲಾಗುತ್ತದೆ. ಸಂಸ್ಕೃತ ಬಾರದ ವಿದ್ಯಾರ್ಥಿಗೆ ಮಂತ್ರವು ಅರ್ಥದ ಭಾರವಿಲ್ಲದ ನಾದವಾಗಿ ಕೇಳಿಸುತ್ತದೆ. ಕನ್ನಡ ಮನೆಗಳಲ್ಲಿ ಬೆಳೆದವರಿಗೆ ಅದೇ ಮಂತ್ರವು ಪೂಜೆ, ವ್ರತ ಅಥವಾ ಅಪರಕರ್ಮದ ನೆನಪನ್ನು ತರಬಹುದು. ಸುಪ್ರಭಾತವು ದೇವರನ್ನು ಎಚ್ಚರಿಸುವ ಸ್ತೋತ್ರವಾದ್ದರಿಂದ ಅದನ್ನು ಶವಾಸನದ ಹೊತ್ತಿನಲ್ಲಿ ನುಡಿಸುವುದು, ರೂಢಿ ಬಲ್ಲವರಿಗೆ ಹಿಪ್‌ಹಾಪ್‌ಗಿಂತಲೂ ವಿಚಿತ್ರವೆನಿಸಬಹುದು.

ಯೋಗಗ್ರಂಥಗಳಲ್ಲಿ ನಾದ

ಪತಂಜಲಿಯ ಯೋಗಸೂತ್ರಗಳಲ್ಲಿ ಸಂಗೀತದ ಬಳಕೆಯ ಉಲ್ಲೇಖವಿಲ್ಲ. ಅಷ್ಟಾಂಗಗಳಲ್ಲಿ ಐದನೆಯದಾದ ಪ್ರತ್ಯಾಹಾರವು ಇಂದ್ರಿಯಗಳನ್ನು ಅವುಗಳ ವಿಷಯಗಳಿಂದ ಹಿಂದಕ್ಕೆ ಸೆಳೆಯುವ ಸಾಧನೆಯಾಗಿದೆ. ಕಿವಿಗೆ ಇಂಪಾದ ವಿಷಯವನ್ನು ಒದಗಿಸುವುದು ಈ ಅಂಗಕ್ಕೆ ವಿರುದ್ಧವೆಂಬುದು ಮೌನಪಕ್ಷದವರ ಮುಖ್ಯ ವಾದ.

15ನೆಯ ಶತಮಾನದ್ದೆಂದು ಪರಿಗಣಿಸಲಾಗುವ, ಸ್ವಾತ್ಮಾರಾಮನ 'ಹಠಯೋಗ ಪ್ರದೀಪಿಕಾ' ಗ್ರಂಥದ ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನದ ವಿಸ್ತಾರವಾದ ವಿವರಣೆಯಿದೆ. ಸಾಧಕನು ಕಿವಿ, ಕಣ್ಣು, ಮೂಗುಗಳನ್ನು ಮುಚ್ಚಿಕೊಂಡು ಒಳಗಿನ ನಾದವನ್ನು ಆಲಿಸುವ ವಿಧಾನವಿದು. ಮೊದಲು ಕಡಲು, ಮೋಡ, ಭೇರಿಗಳಂತಹ ದೊಡ್ಡ ನಾದಗಳು, ಬಳಿಕ ಮದ್ದಳೆ, ಶಂಖ, ಗಂಟೆಗಳಂತಹ ನಾದಗಳು, ಕೊನೆಯಲ್ಲಿ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಗಳಂತಹ ಸೂಕ್ಷ್ಮ ನಾದಗಳು ಕೇಳಿಸುತ್ತವೆ ಎಂದು ಗ್ರಂಥವು ವರ್ಣಿಸುತ್ತದೆ. ಆರಂಭ, ಘಟ, ಪರಿಚಯ, ನಿಷ್ಪತ್ತಿ ಎಂಬ ನಾಲ್ಕು ಅವಸ್ಥೆಗಳನ್ನೂ ಅದು ಹೆಸರಿಸುತ್ತದೆ.

ತರಗತಿಗಳಲ್ಲಿ ಸಂಗೀತವನ್ನು ಸಮರ್ಥಿಸುವವರು ಈ ಭಾಗವನ್ನು ಆಧಾರವಾಗಿ ಸೂಚಿಸುವುದುಂಟು. ಆದರೆ ಗ್ರಂಥವು ಹೇಳುವುದು ಹೊರಗಿನ ವಾದ್ಯಗಳನ್ನಲ್ಲ, ಅನಾಹತವೆಂದು ಕರೆಯಲಾಗುವ ಒಳಗಿನ ನಾದವನ್ನು. ವಾದ್ಯಗಳ ಹೆಸರುಗಳು ಅಲ್ಲಿ ಹೋಲಿಕೆಗಾಗಿ ಬಂದಿವೆ. ಹಾಗಿದ್ದರೂ ಸ್ಥೂಲದಿಂದ ಸೂಕ್ಷ್ಮಕ್ಕೆ, ದೊಡ್ಡ ಸದ್ದಿನಿಂದ ಸಣ್ಣ ಸದ್ದಿಗೆ ಸಾಗುವ ಆ ಕ್ರಮವನ್ನು ತರಗತಿಯ ಸಂಗೀತವನ್ನು ಜೋಡಿಸುವುದಕ್ಕೂ ಅನ್ವಯಿಸಬಹುದಾಗಿದೆ.

ಮೈಸೂರಿನ ಪರಂಪರೆ

ಇಂದು ಜಗತ್ತಿನ ಸ್ಟುಡಿಯೋಗಳಲ್ಲಿ ಪ್ರಚಲಿತವಾಗಿರುವ ಆಸನಪ್ರಧಾನ ಯೋಗದ ಬಹುಭಾಗವು ಮೈಸೂರಿನ ಮೂಲಕ ಬಂದುದು. ಚಿತ್ರದುರ್ಗ ಸೀಮೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು (1888–1989) ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಅವರ 'ಯೋಗ ಮಕರಂದ' (1934) ಕನ್ನಡದಲ್ಲಿಯೇ ಪ್ರಕಟವಾಯಿತು. ಪ್ರತಿಯೊಂದು ಚಲನೆಯನ್ನೂ ಒಂದು ಪೂರಕ ಅಥವಾ ರೇಚಕದೊಂದಿಗೆ ಜೋಡಿಸುವ ವಿನ್ಯಾಸಕ್ರಮವು ಈ ಪರಂಪರೆಯ ವೈಶಿಷ್ಟ್ಯವಾಗಿದೆ.

ಅವರ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದವರಾದ ಕೆ. ಪಟ್ಟಾಭಿ ಜೋಯಿಸ್ (1915–2009) ಮೈಸೂರಿನ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ವಿನ್ಯಾಸ ಯೋಗವನ್ನು ಕಲಿಸಿದರು. ಅವರ 'ಯೋಗ ಮಾಲಾ' ಕೂಡ ಕನ್ನಡದ ಕೃತಿ (1962). ಈ ಪದ್ಧತಿಯಲ್ಲಿ ಆರಂಭದ ಮತ್ತು ಕೊನೆಯ ಮಂತ್ರಗಳನ್ನು ಬಿಟ್ಟರೆ ಸಂಗೀತವಿಲ್ಲ. ಸಾಮೂಹಿಕ ತರಗತಿಯಲ್ಲಿ ಶಿಕ್ಷಕರು ಸಂಸ್ಕೃತದಲ್ಲಿ ಎಣಿಸುವ ವಿನ್ಯಾಸದ ಸಂಖ್ಯೆಗಳೇ ಲಯವನ್ನು ನೀಡುತ್ತವೆ. 'ಮೈಸೂರು ಶೈಲಿ' ಎಂದೇ ಹೆಸರಾದ ವೈಯಕ್ತಿಕ ಅಭ್ಯಾಸದಲ್ಲಿ ಒಂದೇ ಕೊಠಡಿಯೊಳಗೆ ಪ್ರತಿಯೊಬ್ಬರೂ ತಮ್ಮದೇ ಉಸಿರಿನ ವೇಗದಲ್ಲಿ, ತಮ್ಮದೇ ಆಸನದಲ್ಲಿರುತ್ತಾರೆ. ಇಲ್ಲಿ ಎಲ್ಲರಿಗೂ ಹೊಂದುವ ಒಂದು ಗತಿಯ ಸಂಗೀತವು ಕಾರ್ಯತಃ ಅಸಾಧ್ಯ. ಕೊಠಡಿಯಲ್ಲಿ ಕೇಳಿಸುವುದು ಗಂಟಲಿನಲ್ಲಿ ತುಸು ತಡೆದು ಬಿಡುವ ಉಸಿರಿನ ಸದ್ದು ಮಾತ್ರ.

ಕೃಷ್ಣಮಾಚಾರ್ಯರ ಮತ್ತೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಅವರ ಪದ್ಧತಿಯಲ್ಲಿಯೂ ಹಿನ್ನೆಲೆ ಸಂಗೀತಕ್ಕೆ ಸ್ಥಾನವಿಲ್ಲ. ಅವರನ್ನು ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದವರು ಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್. 1952ರಲ್ಲಿ ಅವರಿಬ್ಬರ ಭೇಟಿಯಾಯಿತು. 'ಲೈಟ್ ಆನ್ ಯೋಗ' (1966) ಕೃತಿಗೆ ಮೆನುಹಿನ್ ಮುನ್ನುಡಿ ಬರೆದರು. ಸಂಗೀತಗಾರನ ನೆರವಿನಿಂದ ಜಗತ್ತಿಗೆ ಪರಿಚಿತವಾದ ಪದ್ಧತಿಯೇ ತರಗತಿಯಲ್ಲಿ ಸಂಗೀತವನ್ನು ಹೊರಗಿಟ್ಟಿರುವುದಕ್ಕೆ ಕಾರಣವು ಬೋಧನೆಯ ಸ್ವರೂಪದಲ್ಲಿದೆ. ಅಯ್ಯಂಗಾರ್ ಪದ್ಧತಿಯ ಶಿಕ್ಷಕರು ಪಾದ, ಮಂಡಿ, ಬೆನ್ನುಮೂಳೆಗಳ ಜೋಡಣೆಯ ಬಗ್ಗೆ ಎಡೆಬಿಡದೆ ಸೂಕ್ಷ್ಮ ಸೂಚನೆಗಳನ್ನು ಕೊಡುತ್ತಾರೆ. ಅವು ಸ್ಪಷ್ಟವಾಗಿ ಕೇಳಿಸಬೇಕು. ಬಿಕ್ರಂ ಚೌಧುರಿಯವರು ಪ್ರಚುರಪಡಿಸಿದ, ಬಿಸಿ ಕೊಠಡಿಯಲ್ಲಿ ನಡೆಯುವ 26 ಆಸನಗಳ ತರಗತಿಯಲ್ಲಿಯೂ ಶಿಕ್ಷಕರ ನಿಗದಿತ ಮಾತೇ ಪ್ರಧಾನವಾಗಿದ್ದು ಸಂಗೀತವಿರುವುದಿಲ್ಲ.

'ಯೋಗ ಸಂಗೀತ'ದ ಉಗಮ

ಯೋಗ ಮತ್ತು ಧ್ಯಾನಕ್ಕೆಂದೇ ಸಂಗೀತವನ್ನು ಧ್ವನಿಮುದ್ರಿಸುವ ಪದ್ಧತಿ ಅಮೆರಿಕದಲ್ಲಿ 1960ರ ದಶಕದಲ್ಲಿ ಕಾಣಿಸಿಕೊಂಡಿತು. ಜಾಜ್ ಕ್ಲಾರಿನೆಟ್ ವಾದಕ ಟೋನಿ ಸ್ಕಾಟ್ ಜಪಾನಿ ಕಲಾವಿದರೊಂದಿಗೆ ಝೆನ್ ಧ್ಯಾನಕ್ಕಾಗಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಅದೇ ದಶಕದಲ್ಲಿ ಸಿತಾರ್ ಜೊತೆಗೂಡಿಸಿ ಯೋಗಧ್ಯಾನಕ್ಕಾಗಿ ಇನ್ನೊಂದನ್ನು ಹೊರತಂದರು. ಸ್ವಾಮಿ ಸಚ್ಚಿದಾನಂದರ ಶಿಷ್ಯೆಯಾಗಿದ್ದ ಜಾಜ್ ಕಲಾವಿದೆ ಆಲಿಸ್ ಕೋಲ್ಟ್ರೇನ್ 1971ರಲ್ಲಿ ಗುರುವಿನ ಹೆಸರನ್ನೊಳಗೊಂಡ 'ಜರ್ನಿ ಇನ್ ಸಚ್ಚಿದಾನಂದ' ಎಂಬ ಧ್ವನಿಮುದ್ರಿಕೆಯನ್ನು ಪ್ರಕಟಿಸಿದರು. ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ರಚಿಸಿದ ಸಂಗೀತವು 'ಆಂಬಿಯೆಂಟ್' ಎಂಬ ಪ್ರಕಾರಕ್ಕೆ ಹೆಸರು ತಂದಿತು. ಗಮನ ಕೊಟ್ಟರೂ ಕೊಡದಿದ್ದರೂ ಕೇಳಬಹುದಾದ ಈ ಬಗೆಯ ಸಂಗೀತವು ಯೋಗ ಕೊಠಡಿಗಳಿಗೆ ಸುಲಭವಾಗಿ ಒಗ್ಗಿತು. 'ನ್ಯೂ ಏಜ್' ಎಂಬ ವ್ಯಾಪಾರಿ ವಿಭಾಗವು 1980ರ ದಶಕದಲ್ಲಿ ಬಲಗೊಂಡು, 1987ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳಲ್ಲಿಯೂ ಅದಕ್ಕೆ ಪ್ರತ್ಯೇಕ ವರ್ಗ ದೊರೆಯಿತು.

ತರಗತಿಯಲ್ಲಿ ಸಂಗೀತವನ್ನು ಬೋಧನೆಯ ಅಂಗವನ್ನಾಗಿಸಿದ ಪದ್ಧತಿಗಳಲ್ಲಿ ಪ್ರಮುಖವಾದುದು ಶ್ಯಾರನ್ ಗ್ಯಾನನ್ ಮತ್ತು ಡೇವಿಡ್ ಲೈಫ್ 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪಿಸಿದ ಜೀವಮುಕ್ತಿ ಯೋಗ. ಶಾಸ್ತ್ರ, ಭಕ್ತಿ, ಅಹಿಂಸೆ, ನಾದ, ಧ್ಯಾನ ಎಂಬ ಐದು ತತ್ತ್ವಗಳನ್ನು ಅದು ಅಂಗೀಕರಿಸಿದೆ. ನಾದತತ್ತ್ವದ ಆಧಾರದ ಮೇಲೆ ಅದರ ಶಿಕ್ಷಕರು ಭಜನೆಯಿಂದ ಹಿಡಿದು ರಾಕ್ ಸಂಗೀತದವರೆಗೆ ಬಗೆಬಗೆಯ ಧ್ವನಿಮುದ್ರಿಕೆಗಳನ್ನು ಬಳಸಿದರು. ನ್ಯೂಯಾರ್ಕ್‌ನ ಜೀವಮುಕ್ತಿ ಕೇಂದ್ರದಲ್ಲಿ 1990ರ ದಶಕದಲ್ಲಿ ಕೀರ್ತನೆಗಳನ್ನು ನಡೆಸಿದ ಕೃಷ್ಣದಾಸ್ ಮುಂದೆ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. ಹೀಗೆ ಒಂದೇ ಕಾಲಘಟ್ಟದಲ್ಲಿ ಭಜನೆಯು ಸ್ಟುಡಿಯೋಗಳಲ್ಲಿ ರೂಢಿಯಾಯಿತು. ಅದರಿಂದ ಹೊರತಾದ ಸಂಗೀತಕ್ಕೂ ಬಾಗಿಲು ತೆರೆಯಿತು.

ಪ್ರಮುಖ ಪ್ರಯೋಗಗಳು

ಹಿಪ್‌ಹಾಪ್: ಅಮೆರಿಕದ ಸಂಗೀತಗಾರ ಎಂಸಿ ಯೋಗಿ 2008ರಲ್ಲಿ ಪ್ರಕಟಿಸಿದ 'ಎಲಿಫೆಂಟ್ ಪವರ್' ಹಿಂದೂ ಪುರಾಣಕಥೆಗಳನ್ನು ರ‍್ಯಾಪ್ ಶೈಲಿಯಲ್ಲಿ ನಿರೂಪಿಸಿತು. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ವೈ7 ಸ್ಟುಡಿಯೋ, ಮೇಣದ ಬತ್ತಿಯ ಬೆಳಕಿನ, ಕನ್ನಡಿಗಳಿಲ್ಲದ ಬಿಸಿ ಕೊಠಡಿಯಲ್ಲಿ ಹಿಪ್‌ಹಾಪ್ ಹಾಡುಗಳೊಂದಿಗೆ ವಿನ್ಯಾಸ ತರಗತಿಗಳನ್ನು ನಡೆಸಿ ಜನಪ್ರಿಯವಾಯಿತು.

ಹೆವಿ ಮೆಟಲ್: 2010ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 'ಬ್ಲ್ಯಾಕ್ ಯೋಗ' ಎಂಬ ಹೆಸರಿನ ತರಗತಿಗಳು ಡ್ರೋನ್, ಡೂಮ್ ಮೆಟಲ್ ಮತ್ತು ನಾಯ್ಸ್ ಪ್ರಕಾರಗಳನ್ನು ಬಳಸಿದವು. ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ 'ರೇಜ್ ಯೋಗ'ದಲ್ಲಿ ಗಟ್ಟಿ ಸಂಗೀತದ ಜೊತೆಗೆ ಕೂಗಾಟ, ಬೈಗುಳ ಹಾಗೂ ಬಿಯರ್ ಸೇವನೆಗೂ ಅವಕಾಶವಿದೆ. ಸಾಮಾನ್ಯ ಸ್ಟುಡಿಯೋಗಳ ಮೃದು ವಾತಾವರಣದಲ್ಲಿ ತಾವು ಪರಕೀಯರು ಎನ್ನಿಸಿಕೊಂಡವರನ್ನು ಯೋಗದತ್ತ ಕರೆತರುವುದು ಇಂತಹ ತರಗತಿಗಳ ಘೋಷಿತ ಉದ್ದೇಶಗಳಲ್ಲೊಂದು.

ಎಲೆಕ್ಟ್ರಾನಿಕ್ ನೃತ್ಯ ಸಂಗೀತ: ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 2000ರ ದಶಕದಲ್ಲಿ 'ಯೋಗ ರೇವ್' ಎಂಬ ಕೂಟಗಳು ಆರಂಭವಾದವು. ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯೊಂದಿಗೆ ಸಂಬಂಧವಿದ್ದ ಯುವಕರು ರೂಪಿಸಿದ ಈ ಕೂಟಗಳಲ್ಲಿ ಮದ್ಯಕ್ಕೂ ಮಾದಕ ವಸ್ತುಗಳಿಗೂ ಅವಕಾಶವಿಲ್ಲ. ಯೋಗ, ಸಂಸ್ಕೃತ ಮಂತ್ರಗಳನ್ನು ಬೆರೆಸಿದ ನೃತ್ಯ ಸಂಗೀತ ಮತ್ತು ಧ್ಯಾನ ಇವುಗಳನ್ನು ಇಲ್ಲಿ ಜೋಡಿಸಲಾಗುತ್ತದೆ. ನ್ಯೂಯಾರ್ಕ್‌ನಲ್ಲಿ 2013ರಲ್ಲಿ ಆರಂಭವಾದ 'ಡೇಬ್ರೇಕರ್' ಕೂಟಗಳಲ್ಲಿ ಮುಂಜಾನೆಯ ಯೋಗಾಭ್ಯಾಸದ ಬಳಿಕ ನೃತ್ಯವಿರುತ್ತದೆ.

ಹೆಡ್‌ಫೋನ್ ತರಗತಿಗಳು: ನಿಸ್ತಂತು ಹೆಡ್‌ಫೋನ್‌ಗಳ ಮೂಲಕ ಸಂಗೀತವನ್ನೂ ಶಿಕ್ಷಕರ ಮಾತನ್ನೂ ಕೇಳಿಸುವ ವ್ಯವಸ್ಥೆ ಉದ್ಯಾನ, ಕಡಲತೀರ, ವಸ್ತುಸಂಗ್ರಹಾಲಯದಂತಹ ಸಾರ್ವಜನಿಕ ಸ್ಥಳಗಳಲ್ಲಿ ಬಳಕೆಗೆ ಬಂದಿದೆ. ಸುತ್ತಲಿನವರಿಗೆ ತೊಂದರೆಯಾಗದಿರುವುದು ಇದರ ಅನುಕೂಲ. ತಲೆಕೆಳಗಾದ ಆಸನಗಳಲ್ಲಿ ಹೆಡ್‌ಫೋನ್ ಜಾರುವುದು ಮತ್ತು ಪಕ್ಕದವರ ಉಸಿರು ಕೇಳಿಸದಿರುವುದು ಅನನುಕೂಲಗಳು.

ದೇಹದ ಮೇಲಿನ ಪರಿಣಾಮ

ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ವಯಸ್ಕರು ಕ್ರೈಸ್ತ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಒಂದು ಬೌದ್ಧ ಮಂತ್ರವನ್ನೂ ಪಠಿಸಿದರು. ಎರಡೂ ಪಠಣಗಳು ಉಸಿರಾಟವನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದವು. ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಬೇರೆ ಬೇರೆ ಭಾಷೆ ಮತ್ತು ಮತಗಳಿಗೆ ಸೇರಿದ ಎರಡು ಪಠ್ಯಗಳು ಒಂದೇ ಪರಿಣಾಮವನ್ನು ಉಂಟುಮಾಡಿದ್ದರ ಹಿಂದೆ, ಅವುಗಳ ಒಂದೊಂದು ಆವೃತ್ತಿಯ ಅವಧಿಯು ಒಂದೊಂದು ದೀರ್ಘ ಉಸಿರಿಗೆ ಹೊಂದುವಂತಿದ್ದುದು ಮುಖ್ಯ ಕಾರಣವಾಗಿತ್ತು. ಇಲ್ಲಿ ಪರಿಣಾಮ ಕಂಡದ್ದು ಸ್ವತಃ ಪಠಿಸಿದವರಲ್ಲಿ ಎಂಬುದು ಗಮನಾರ್ಹ. ಧ್ವನಿಮುದ್ರಿತ ಮಂತ್ರವನ್ನು ಕೇಳುತ್ತ ಆಸನ ಮಾಡುವುದು ಇದಕ್ಕೆ ಸಮಾನವಲ್ಲ.

ಇದೇ ತಂಡವು 2006ರಲ್ಲಿ 12 ಮಂದಿ ಸಂಗೀತಗಾರರಿಗೂ ಸಂಗೀತಗಾರರಲ್ಲದ 12 ಮಂದಿಗೂ ಆರು ಬಗೆಯ ಸಂಗೀತವನ್ನು ಕೇಳಿಸಿ ಅವರ ಹೃದಯಬಡಿತ, ರಕ್ತದೊತ್ತಡ ಮತ್ತು ಉಸಿರಾಟವನ್ನು ಅಳೆಯಿತು. ಇವುಗಳಲ್ಲಿ ಭಾರತೀಯ ರಾಗ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ರ‍್ಯಾಪ್ ಮತ್ತು ಟೆಕ್ನೋ ಸೇರಿದ್ದವು. ಉದ್ರೇಕದ ಪರಿಣಾಮವು ಮುಖ್ಯವಾಗಿ ಸಂಗೀತದ ವೇಗವನ್ನು ಅವಲಂಬಿಸಿತ್ತು. ವೇಗ ಹೆಚ್ಚಿದಂತೆ ಈ ಮೂರೂ ಅಳತೆಗಳು ಏರಿದವು. ಸಂಗೀತದ ನಡುವೆ ಸೇರಿಸಿದ ಎರಡು ನಿಮಿಷಗಳ ಮೌನದಲ್ಲಿ ಅವು ಆರಂಭದ ಮಟ್ಟಕ್ಕಿಂತಲೂ ಕೆಳಗಿಳಿದವು. ಅಧ್ಯಯನದ ಶೀರ್ಷಿಕೆಯಲ್ಲಿಯೇ ಮೌನದ ಮಹತ್ವವನ್ನು ಉಲ್ಲೇಖಿಸಲಾಗಿದೆ.

ಮೆಟಲ್ ಸಂಗೀತವು ಕೋಪವನ್ನು ಹೆಚ್ಚಿಸುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ ಪರೀಕ್ಷಿಸಿದರು. ತೀವ್ರ ಸಂಗೀತದ 39 ಮಂದಿ ನಿಯತ ಶ್ರೋತೃಗಳಿಗೆ ಮೊದಲು ಕೋಪ ಬರಿಸಿ, ಬಳಿಕ ಕೆಲವರಿಗೆ ಅವರದೇ ಆಯ್ಕೆಯ ಸಂಗೀತವನ್ನು ಕೇಳಿಸಲಾಯಿತು. ಉಳಿದವರು ಮೌನದಲ್ಲಿ ಕುಳಿತರು. ಸಂಗೀತ ಕೇಳಿದವರ ಕೋಪ ಹೆಚ್ಚಲಿಲ್ಲ. ಉತ್ಸಾಹದ ಭಾವನೆಗಳು ಹೆಚ್ಚಿದವು. ಭಾಗವಹಿಸಿದವರೆಲ್ಲರೂ ಆ ಸಂಗೀತವನ್ನು ಮೆಚ್ಚಿದವರೇ ಆಗಿದ್ದುದರಿಂದ, ಅದನ್ನು ಇಷ್ಟಪಡದವರಿರುವ ಸಾಮಾನ್ಯ ತರಗತಿಗೆ ಈ ಫಲಿತಾಂಶವು ಹಾಗೆಯೇ ಅನ್ವಯಿಸುವುದಿಲ್ಲ.

ವ್ಯಾಯಾಮ ಮತ್ತು ಸಂಗೀತದ ಸಂಬಂಧವನ್ನು ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕ್ರೀಡಾ ಮನೋವಿಜ್ಞಾನಿ ಕೋಸ್ಟಾಸ್ ಕರಾಜಿಯೋರ್ಗಿಸ್ ಮತ್ತಿತರರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಲಘು ಹಾಗೂ ಮಧ್ಯಮ ಪ್ರಮಾಣದ ಶ್ರಮದಲ್ಲಿ ಸಂಗೀತವು ಆಯಾಸದ ಅನುಭವವನ್ನು ಕಡಿಮೆ ಮಾಡುತ್ತದೆ. ಶ್ರಮವು ತೀವ್ರವಾದಾಗ ದೇಹದ ಸಂಕೇತಗಳೇ ಮೇಲುಗೈ ಸಾಧಿಸುತ್ತವೆ. ಓಟ, ಸೈಕಲ್ ಸವಾರಿಗಳಲ್ಲಿ ಇದೊಂದು ಲಾಭ. ಆಸನಾಭ್ಯಾಸದಲ್ಲಿ ಇದು ಎರಡಂಚಿನ ಕತ್ತಿ. ತೊಡೆಯ ಹಿಂಭಾಗದ ಸ್ನಾಯು, ಮಂಡಿ ಅಥವಾ ಕತ್ತಿನಲ್ಲಿ ಏಳುವ ಸಣ್ಣ ನೋವು ಅಭ್ಯಾಸಿಯನ್ನು ತಡೆಯುವ ಎಚ್ಚರಿಕೆಯಾಗಿರುತ್ತದೆ. ಆಯಾಸವನ್ನು ಮರೆಸುವ ಸಂಗೀತವು ಈ ಎಚ್ಚರಿಕೆಯನ್ನೂ ಮಂಕಾಗಿಸಿದರೆ ಗಾಯದ ಸಂಭವ ಹೆಚ್ಚುತ್ತದೆ. ಆಸನ ತರಗತಿಗಳಲ್ಲಿ ಸಂಗೀತದ ಆಯ್ಕೆಯು ಕೇವಲ ಅಭಿರುಚಿಯ ವಿಷಯವಾಗಿ ಉಳಿಯದಿರುವುದು ಈ ಕಾರಣದಿಂದ.

ಆಯ್ಕೆಯ ಮಾನದಂಡಗಳು

ವೇಗ ಮತ್ತು ಉಸಿರು

ಸಂಗೀತದ ವೇಗವನ್ನು ನಿಮಿಷಕ್ಕೆ ಇಷ್ಟು ಬಡಿತಗಳೆಂದು ಅಳೆಯಲಾಗುತ್ತದೆ. ಉಸಿರಿನ ಅವಧಿಯು ಈ ಬಡಿತಗಳ ಪೂರ್ಣ ಗುಣಕಕ್ಕೆ ಹೊಂದಿಕೊಂಡರೆ ಅಭ್ಯಾಸಿಗಳು ಪ್ರಯತ್ನವಿಲ್ಲದೆ ಲಯದಲ್ಲಿ ಸಾಗಬಹುದು. ಕೆಲವು ಲೆಕ್ಕಗಳು ಹೀಗಿವೆ:

• ನಿಮಿಷಕ್ಕೆ 60 ಬಡಿತ: 4 ಬಡಿತಗಳಿಗೆ ಪೂರಕ, 4 ಬಡಿತಗಳಿಗೆ ರೇಚಕ ಎಂದರೆ ಒಂದು ಉಸಿರಿಗೆ 8 ಸೆಕೆಂಡು, ನಿಮಿಷಕ್ಕೆ 7.5 ಉಸಿರು.

• ನಿಮಿಷಕ್ಕೆ 96 ಬಡಿತ: 8 ಬಡಿತಗಳಿಗೆ ಪೂರಕ, 8 ಬಡಿತಗಳಿಗೆ ರೇಚಕ ಎಂದರೆ ಒಂದು ಉಸಿರಿಗೆ 10 ಸೆಕೆಂಡು, ನಿಮಿಷಕ್ಕೆ 6 ಉಸಿರು. ಅನೇಕ ಹಿಪ್‌ಹಾಪ್ ಹಾಡುಗಳ ವೇಗವು ಇದರ ಆಸುಪಾಸಿನಲ್ಲಿದೆ.

• ನಿಮಿಷಕ್ಕೆ 120 ಬಡಿತ: 8 ಬಡಿತಗಳಿಗೆ ಪೂರಕ, 8 ಬಡಿತಗಳಿಗೆ ರೇಚಕ ಎಂದರೆ ಒಂದು ಉಸಿರಿಗೆ 8 ಸೆಕೆಂಡು. ಹೌಸ್ ಸಂಗೀತದ ವೇಗವು ಸಾಮಾನ್ಯವಾಗಿ 120ರಿಂದ 130.

• ನಿಮಿಷಕ್ಕೆ 174 ಬಡಿತ: 8 ಬಡಿತಗಳು ಕೇವಲ 2.8 ಸೆಕೆಂಡಿನಲ್ಲಿ ಮುಗಿಯುತ್ತವೆ. ಡ್ರಮ್ ಅಂಡ್ ಬೇಸ್ ಪ್ರಕಾರವು ಈ ವೇಗದಲ್ಲಿರುತ್ತದೆ. ಇದರೊಂದಿಗೆ ದೀರ್ಘ ಉಸಿರನ್ನು ಕಾಯ್ದುಕೊಳ್ಳಬೇಕಾದರೆ 16 ಬಡಿತಗಳನ್ನು ಎಣಿಸಬೇಕು. ಹೊಸಬರಿಗೆ ಇದು ಕಷ್ಟ.

ಕರ್ನಾಟಕ ಸಂಗೀತದ ತಾಳಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 8 ಅಕ್ಷರಗಳ ಆದಿತಾಳವನ್ನು ನಿಮಿಷಕ್ಕೆ 96 ಅಕ್ಷರಗಳ ಗತಿಯಲ್ಲಿ ನಡೆಸಿದರೆ ಒಂದು ಆವರ್ತನಕ್ಕೆ 5 ಸೆಕೆಂಡು ಬೇಕು. ಒಂದು ಆವರ್ತನಕ್ಕೆ ಪೂರಕ, ಮುಂದಿನ ಆವರ್ತನಕ್ಕೆ ರೇಚಕ ಎಂದಾಗ ನಿಮಿಷಕ್ಕೆ 6 ಉಸಿರುಗಳಾಗುತ್ತವೆ. ಹೀಗೆ ಒಂದು ಹಿಪ್‌ಹಾಪ್ ಹಾಡು ಮತ್ತು ಮಧ್ಯಮಗತಿಯ ಒಂದು ಕೃತಿ ಉಸಿರಿನ ದೃಷ್ಟಿಯಿಂದ ಸಮಾನವಾಗಬಹುದು. ನಿಧಾನಗತಿಯ ಡೂಮ್ ಮೆಟಲ್ ನಾದದಲ್ಲಿ ಉಗ್ರವಾಗಿದ್ದರೂ ವೇಗದಲ್ಲಿ ಎಷ್ಟೋ ಭಜನೆಗಳಿಗಿಂತ ಮಂದವಾಗಿರುತ್ತದೆ. ಇನ್ನೊಂದೆಡೆ ತಾಳ ಮತ್ತು ಚಪ್ಪಾಳೆಗಳೊಂದಿಗೆ ದ್ರುತಕ್ಕೇರುವ ಭಜನೆಯು ಉಸಿರನ್ನು ಅವಸರಪಡಿಸುತ್ತದೆ.

ಲಯಕ್ಕೆ ಎಲ್ಲರ ಉಸಿರನ್ನೂ ಕಟ್ಟಿಹಾಕಬಾರದೆಂದು ಭಾವಿಸುವ ಶಿಕ್ಷಕರು ಸ್ಪಷ್ಟ ಬಡಿತವೇ ಇಲ್ಲದ ಸಂಗೀತವನ್ನು ಆಯ್ದುಕೊಳ್ಳುತ್ತಾರೆ. ತಂಬೂರಿಯ ಶ್ರುತಿ, ರಾಗದ ಆಲಾಪನೆ, ಡ್ರೋನ್ ಮತ್ತು ಆಂಬಿಯೆಂಟ್ ಸಂಗೀತ ಈ ಗುಂಪಿಗೆ ಸೇರುತ್ತವೆ. ವೃದ್ಧರು, ಗರ್ಭಿಣಿಯರು ಹಾಗೂ ಉಸಿರಾಟದ ತೊಂದರೆಯುಳ್ಳವರು ಇರುವ ತರಗತಿಗಳಿಗೆ ಇಂತಹ ಸಂಗೀತ ಹೆಚ್ಚು ಸೂಕ್ತ. ಏಕೆಂದರೆ ಅಲ್ಲಿ ಒಬ್ಬೊಬ್ಬರ ಉಸಿರಿನ ಅವಧಿಯೂ ಬೇರೆ. ಕುಂಭಕವನ್ನೊಳಗೊಂಡ ಪ್ರಾಣಾಯಾಮದ ಹೊತ್ತಿನಲ್ಲಿ ಬಡಿತವುಳ್ಳ ಸಂಗೀತವನ್ನು ನಿಲ್ಲಿಸುವುದು ಲೇಸು. ಹಾಡಿನ ಲಯಕ್ಕೆ ಕಟ್ಟುಬಿದ್ದು ಉಸಿರನ್ನು ತನ್ನ ಶಕ್ತಿ ಮೀರಿ ತಡೆಹಿಡಿಯುವ ಸಂಭವವಿರುತ್ತದೆ.

ಸಾಹಿತ್ಯ

ಅರ್ಥವಾಗುವ ಭಾಷೆಯ ಹಾಡು ಗಮನವನ್ನು ಮಾತಿನತ್ತ ಸೆಳೆಯುತ್ತದೆ. ಜೊತೆಗೆ ಶಿಕ್ಷಕರ ಸೂಚನೆಯೂ ಮಾತಿನಲ್ಲಿಯೇ ಇರುವುದರಿಂದ ಎರಡು ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಕರ್ನಾಟಕದ ತರಗತಿಯೊಂದರಲ್ಲಿ ಜನಪ್ರಿಯ ಕನ್ನಡ ಚಲನಚಿತ್ರಗೀತೆಯನ್ನು ನುಡಿಸಿದರೆ ಕೇಳುಗರ ಮನಸ್ಸಿನಲ್ಲಿ ಚಿತ್ರದ ದೃಶ್ಯವೂ ನಟರೂ ಮೂಡುವುದು ಸಹಜ. ಅದೇ ಗೀತೆಯ ವಾದ್ಯರೂಪವು ಪರಿಚಯದ ಆಪ್ತತೆಯನ್ನು ಉಳಿಸಿಕೊಂಡು ಮಾತಿನ ಭಾರವನ್ನು ಇಳಿಸುತ್ತದೆ. ಹಿಂಸೆ, ನಿಂದನೆ ಅಥವಾ ಲೈಂಗಿಕ ಅವಹೇಳನವಿರುವ ಸಾಹಿತ್ಯವು ಕಣ್ಣುಮುಚ್ಚಿ ಮಲಗಿರುವ ಅಭ್ಯಾಸಿಗಳಲ್ಲಿ ಕೆಲವರಿಗೆ ಹಿಂದಿನ ಆಘಾತವನ್ನು ನೆನಪಿಸಬಹುದಾದ್ದರಿಂದ, ಹಾಡನ್ನು ಪೂರ್ತಿಯಾಗಿ ಕೇಳಿದ ಬಳಿಕವೇ ತರಗತಿಗೆ ಆರಿಸಿಕೊಳ್ಳುವುದು ಅಪೇಕ್ಷಣೀಯ.

ಕ್ರಮ ಮತ್ತು ಮೌನ

ತರಗತಿಯ ಶ್ರಮವು ಏರಿ ಇಳಿಯುವ ಕ್ರಮಕ್ಕೆ ಅನುಗುಣವಾಗಿ ಸಂಗೀತವನ್ನೂ ಜೋಡಿಸಲಾಗುತ್ತದೆ. ಆರಂಭದಲ್ಲಿ ಬಡಿತವಿಲ್ಲದ ಸಂಗೀತ, ಸೂರ್ಯನಮಸ್ಕಾರ ಹಾಗೂ ನಿಂತು ಮಾಡುವ ಆಸನಗಳಿಗೆ ಸ್ಪಷ್ಟ ಲಯ, ಕುಳಿತು ಮಾಡುವ ಆಸನಗಳಿಗೆ ಮಂದಗತಿ, ಶವಾಸನಕ್ಕೆ ಮೌನ ಅಥವಾ ಅತಿಮಂದ ನಾದ ಎಂಬುದು ಸಾಮಾನ್ಯ ವಿನ್ಯಾಸ. ತೀವ್ರ ಸಂಗೀತವಿದ್ದ ತರಗತಿಯಲ್ಲಿ ಅದನ್ನು ಥಟ್ಟನೆ ನಿಲ್ಲಿಸದೆ ಕ್ರಮೇಣ ತಗ್ಗಿಸಿ ಮೌನಕ್ಕೆ ತಂದರೆ ಮೌನವು ಆಘಾತವಾಗದೆ ವಿಶ್ರಾಂತಿಯಾಗುತ್ತದೆ. ಹಾಡುಗಳ ನಡುವೆ ಬರುವ ಜಾಹೀರಾತು, ದೂರವಾಣಿಯ ಕರೆಗಂಟೆ ಮುಂತಾದವು ಶವಾಸನವನ್ನು ಕೆಡಿಸುವುದರಿಂದ, ಮುಂಚಿತವಾಗಿ ಸಿದ್ಧಪಡಿಸಿದ ಹಾಡುಗಳ ಪಟ್ಟಿಯನ್ನು ಅಂತರಜಾಲ ಸಂಪರ್ಕವಿಲ್ಲದ ಸಾಧನದಲ್ಲಿ ನುಡಿಸುವುದು ಸುರಕ್ಷಿತ.

ಧ್ವನಿಯ ಮಟ್ಟ

ಕೊಠಡಿಯ ಹಿಂದಿನ ಸಾಲಿನಲ್ಲಿರುವವರಿಗೂ ಶಿಕ್ಷಕರ ಸಾಧಾರಣ ಸ್ವರವು ಕೇಳಿಸುವಂತಿರಬೇಕೆಂಬುದು ಕನಿಷ್ಠ ನಿಯಮ. ಅಭ್ಯಾಸಿಗೆ ತನ್ನದೇ ಉಸಿರು ಕೇಳಿಸುವಂತಿರಬೇಕೆಂಬುದು ಇನ್ನೂ ಕಟ್ಟುನಿಟ್ಟಾದ ನಿಯಮ. ಸಾಮಾನ್ಯ ಸಂಭಾಷಣೆಯು ಸುಮಾರು 60 ಡೆಸಿಬಲ್‌ಗಳಷ್ಟಿರುತ್ತದೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ಕೆಲಸದ ಸ್ಥಳದಲ್ಲಿ 85 ಡೆಸಿಬಲ್‌ಗಳನ್ನು ದಿನಕ್ಕೆ 8 ಗಂಟೆಗಳ ಮಿತಿಯಾಗಿ ಶಿಫಾರಸು ಮಾಡಿದೆ. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿಯು ಅರ್ಧಕ್ಕಿಳಿಯುತ್ತದೆ. ಅಂದರೆ 94 ಡೆಸಿಬಲ್‌ಗಳಲ್ಲಿ 1 ಗಂಟೆ ಮಾತ್ರ. ದಿನಕ್ಕೆ ನಾಲ್ಕೈದು ತರಗತಿಗಳನ್ನು ನಡೆಸುವ ಶಿಕ್ಷಕರಿಗೆ ವಿದ್ಯಾರ್ಥಿಗಳಿಗಿಂತ ಹೆಚ್ಚಿನ ಅಪಾಯವಿರುತ್ತದೆ.

ಕಾನೂನು ಮತ್ತು ಹಕ್ಕುಸ್ವಾಮ್ಯ

ಶುಲ್ಕ ಪಡೆದು ನಡೆಸುವ ತರಗತಿಯಲ್ಲಿ ಧ್ವನಿಮುದ್ರಿತ ಸಂಗೀತವನ್ನು ನುಡಿಸುವುದು ಹಲವು ದೇಶಗಳಲ್ಲಿ ಸಾರ್ವಜನಿಕ ಪ್ರದರ್ಶನವೆಂದು ಪರಿಗಣಿತವಾಗುತ್ತದೆ. ಅಮೆರಿಕದಲ್ಲಿ ಎಎಸ್‌ಸಿಎಪಿ, ಬಿಎಂಐ ಮುಂತಾದ ಸಂಸ್ಥೆಗಳು ರಚನಕಾರರ ಪರವಾಗಿ ಪರವಾನಗಿ ನೀಡುತ್ತವೆ. ಭಾರತದಲ್ಲಿ ಹಕ್ಕುಸ್ವಾಮ್ಯ ಕಾಯ್ದೆ, 1957 ಅನ್ವಯಿಸುತ್ತದೆ. ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕುಗಳು ಹಾಗೂ ಧ್ವನಿಮುದ್ರಣದ ಹಕ್ಕುಗಳು ಬೇರೆ ಬೇರೆಯಾಗಿರುವುದರಿಂದ ಒಂದೇ ಹಾಡಿಗೆ ಎರಡು ಕಡೆಯ ಅನುಮತಿ ಬೇಕಾಗಬಹುದು. ಸ್ಪಾಟಿಫೈ ಮುಂತಾದ ಸೇವೆಗಳ ವೈಯಕ್ತಿಕ ಚಂದಾದಾರಿಕೆಯು ವಾಣಿಜ್ಯ ಬಳಕೆಗೆ ಅವಕಾಶ ನೀಡುವುದಿಲ್ಲ. ತರಗತಿಯನ್ನು ಅಂತರಜಾಲದಲ್ಲಿ ನೇರಪ್ರಸಾರ ಮಾಡಿದಾಗ ಹಿನ್ನೆಲೆಯ ಹಾಡನ್ನು ಸ್ವಯಂಚಾಲಿತ ವ್ಯವಸ್ಥೆಗಳು ಗುರುತಿಸಿ ಧ್ವನಿಯನ್ನು ತಡೆಯುವುದುಂಟು. ಇದರಿಂದಾಗಿ ಕೆಲವು ಶಿಕ್ಷಕರು ಹಕ್ಕುಮುಕ್ತ ಧ್ವನಿಮುದ್ರಣಗಳನ್ನು ಅಥವಾ ಕೊಠಡಿಯಲ್ಲಿಯೇ ವಾದ್ಯ ನುಡಿಸುವ ಕಲಾವಿದರನ್ನು ಆಶ್ರಯಿಸುತ್ತಾರೆ.

ರೂಢಿಯ ಯೋಗ ಸಂಗೀತವೇ ಕಾನೂನಿನ ತೊಡಕಿಗೆ ಸಿಲುಕಿದ ಉದಾಹರಣೆಯೂ ಇದೆ. ಅಮೆರಿಕದ ಅಲಬಾಮಾ ರಾಜ್ಯವು 1993ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಯೋಗವನ್ನು ನಿಷೇಧಿಸಿತ್ತು. 2021ರ ಕಾನೂನು ಆ ನಿಷೇಧವನ್ನು ಸಡಿಲಿಸಿ ಆಸನಗಳಿಗೆ ಅವಕಾಶ ನೀಡಿತಾದರೂ ಮಂತ್ರಪಠಣವನ್ನೂ 'ನಮಸ್ತೆ' ಎನ್ನುವುದನ್ನೂ ನಿಷೇಧಿಸಿ, ಆಸನಗಳಿಗೆ ಇಂಗ್ಲಿಷ್ ಹೆಸರುಗಳನ್ನೇ ಬಳಸಬೇಕೆಂದು ವಿಧಿಸಿತು. ಅಂತಹ ಶಾಲೆಗಳಲ್ಲಿ ಮಂತ್ರಪಠಣವು ಆಯ್ಕೆಯಾಗಿಯೇ ಉಳಿದಿಲ್ಲ.

ವಿಮರ್ಶೆ

ಅಸಾಂಪ್ರದಾಯಿಕ ಸಂಗೀತದ ವಿರುದ್ಧ ಎರಡು ಬಗೆಯ ಆಕ್ಷೇಪಗಳಿವೆ. ಮೊದಲನೆಯದು ಸಾಂಸ್ಕೃತಿಕವಾದುದು: ಯೋಗವನ್ನು ಅದರ ಮೂಲದಿಂದ ಬೇರ್ಪಡಿಸಿ ಮನರಂಜನೆಯ ಸರಕಾಗಿಸಲಾಗುತ್ತಿದೆ ಎಂಬುದು. ಬಿಯರ್ ಮತ್ತು ಬೈಗುಳಗಳನ್ನೊಳಗೊಂಡ ತರಗತಿಗಳ ಬಗ್ಗೆ ಈ ಟೀಕೆ ಹೆಚ್ಚು. ಮಂತ್ರಗಳನ್ನು ನೃತ್ಯ ಸಂಗೀತಕ್ಕೆ ಬೆರೆಸುವುದನ್ನು ಅಗೌರವವೆಂದು ಕೆಲವರು ಪರಿಗಣಿಸಿದರೆ, ಇನ್ನು ಕೆಲವರು ಅದನ್ನು ಭಜನೆಯ ಹೊಸ ರೂಪವೆಂದು ಸ್ವಾಗತಿಸುತ್ತಾರೆ.

ಎರಡನೆಯದು ಅಭ್ಯಾಸಕ್ಕೆ ಸಂಬಂಧಿಸಿದುದು: ಸಂಗೀತವಿಲ್ಲದೆ ಯೋಗ ಮಾಡಲಾಗದಂತಹ ಅವಲಂಬನೆಯು ಬೆಳೆಯುತ್ತದೆ ಎಂಬುದು. ಈ ಆಕ್ಷೇಪವು ಮೆಟಲ್‌ಗೆ ಹೇಗೋ ಹಾಗೆಯೇ ಕೊಳಲಿಗೂ ಅನ್ವಯಿಸುತ್ತದೆ. ಮೈಸೂರು ಶೈಲಿಯ ಶಿಕ್ಷಕರು ಮೌನವನ್ನು ಸಮರ್ಥಿಸುವಾಗ ಸಂಗೀತದ ಪ್ರಕಾರವನ್ನು ಲೆಕ್ಕಿಸುವುದಿಲ್ಲ. ಅವರ ದೃಷ್ಟಿಯಲ್ಲಿ ಅಭ್ಯಾಸಿಯು ಅನುಸರಿಸಬೇಕಾದ ಏಕೈಕ ಲಯ ಆತನ ಉಸಿರು.

ಸಮರ್ಥಕರು ತರಗತಿಗೆ ಬರುವವರ ವೈವಿಧ್ಯವನ್ನು ಮುಂದಿಡುತ್ತಾರೆ. ಮೌನದಲ್ಲಿ ಕಳವಳಗೊಳ್ಳುವವರು, ಭಜನೆಯನ್ನು ತಮ್ಮ ಮತಧರ್ಮಕ್ಕೆ ಹೊರತೆಂದು ಭಾವಿಸುವವರು, ಜಿಮ್‌ನಿಂದ ಬಂದ ಯುವಜನರು ಇವರೆಲ್ಲರಿಗೂ ಪರಿಚಿತ ಸಂಗೀತವು ಪ್ರವೇಶದ್ವಾರವಾಗುತ್ತದೆ ಎಂಬುದು ಅವರ ವಾದ. ಮೊದಲ ವಾರಗಳಲ್ಲಿ ಸಂಗೀತವನ್ನು ಬಳಸಿ, ಬರಬರುತ್ತ ಮೌನದ ಅವಧಿಯನ್ನು ಹೆಚ್ಚಿಸುತ್ತಾ ಹೋಗುವ ಕ್ರಮವು ಈ ಎರಡು ನಿಲುವುಗಳ ನಡುವಿನ ಮಾರ್ಗವಾಗಿದೆ. ಇಂತಹ ತರಗತಿಯಲ್ಲಿ ಯಾವ ಸಂಗೀತದಿಂದ ಆರಂಭಿಸಲಾಯಿತು ಎಂಬುದಕ್ಕಿಂತ, ಅದನ್ನು ನಿಲ್ಲಿಸಿದಾಗ ವಿದ್ಯಾರ್ಥಿಗಳ ಉಸಿರು ಅದೇ ಲಯದಲ್ಲಿ ಮುಂದುವರಿಯುತ್ತದೆಯೇ ಎಂಬುದು ಆಯ್ಕೆಯ ಯಶಸ್ಸನ್ನು ಸೂಚಿಸುತ್ತದೆ.

ಇದನ್ನೂ ನೋಡಿ

• ನಾದಯೋಗ
• ಹಠಯೋಗ ಪ್ರದೀಪಿಕಾ
• ಅಷ್ಟಾಂಗ ವಿನ್ಯಾಸ ಯೋಗ
• ತಿರುಮಲೈ ಕೃಷ್ಣಮಾಚಾರ್ಯ
• ಪ್ರತ್ಯಾಹಾರ
• ಶವಾಸನ
• ಸಂಗೀತ ಚಿಕಿತ್ಸೆ